ಕೈಗೆ ಬರುವ ಮೊದಲೇ ಹೊಸ ಕಾರನ್ನು ಬೇಕಾಬಿಟ್ಟಿ ಓಡಿಸಿದ್ದರೆ ತಿಳಿಯುವುದು ಹೇಗೆ?

ಪ್ರಶ್ನೆ: ಡೆಲಿವರಿ ದಿನ ನನ್ನ ಹೊಸ ಕಾರಿನ ಓಡೋಮೀಟರ್ 90 ಕಿ.ಮೀ. ದಾಟಿತ್ತು. ಸ್ಟಾಕ್‌ಯಾರ್ಡಿನಿಂದ ಷೋರೂಮಿಗೆ ಓಡಿಸಿಕೊಂಡು ತಂದೆವು ಎಂದು ವಿವರಣೆ ಕೊಟ್ಟರು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ ಮೈಲೇಜ್ ತೀರಾ ಕಡಿಮೆ ತೋರಿಸುತ್ತಿದೆ. ತಂದವರು ಇಂಜಿನ್‌ಗೆ ವಿಪರೀತ ಶ್ರಮ ಕೊಟ್ಟಿದ್ದರೆ ಅದನ್ನು ಪತ್ತೆ ಹಚ್ಚಬಹುದೇ? ಶಾಶ್ವತ ಹಾನಿ ಆಗಿರಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಬಹಳ ಕಾಲ ಸರ್ವಿಸ್ ಸೆಂಟರಿನಲ್ಲಿ ಹೊಸ ಕಾರುಗಳ ಡೆಲಿವರಿಪೂರ್ವ ತಪಾಸಣೆ ಮಾಡಿದವನು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕಡಿಮೆ ಮೈಲೇಜ್ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ. ಹೊಸ ಕಾರು ಲಾರಿಗೆ ಹತ್ತುವಾಗ, ಇಳಿಯುವಾಗ, ಯಾರ್ಡಿನಲ್ಲಿ ಜಾಗ ಬದಲಿಸುವಾಗ, ಎಸಿ ಪರೀಕ್ಷಿಸುವಾಗ ನಿಂತಲ್ಲೇ ಅಥವಾ ಮೊದಲ ಗೇರಿನಲ್ಲೇ ಇಂಧನ ಕುಡಿಯುತ್ತಿರುತ್ತದೆ. ಅದರ ಜೊತೆಗೆ ಸರಾಸರಿ ವೇಗವನ್ನೂ ನೋಡಿ. ಮೈಲೇಜೂ ಕಡಿಮೆ, ಸರಾಸರಿ ವೇಗವೂ ಕಡಿಮೆ ಎಂದಾದರೆ ಕಾರು ಹೆಚ್ಚು ಹೊತ್ತು ನಿಂತೇ ಇತ್ತು ಎಂದರ್ಥ. ಮೈಲೇಜ್ ಕಡಿಮೆಯಿದ್ದು ಸರಾಸರಿ ವೇಗ ಹೆಚ್ಚಿದ್ದರೆ ಮಾತ್ರ ಯಾರೋ ಆಕ್ಸಿಲರೇಟರನ್ನು ಧಾರಾಳವಾಗಿ ಒತ್ತಿರಬಹುದೆಂದು ಅನುಮಾನಿಸಲು ಕಾರಣವಿದೆ. ನಡುವೆ ಯಾರಾದರೂ ಟ್ರಿಪ್ ರೀಸೆಟ್ ಮಾಡಿದ್ದರೆ, ಅಂದರೆ ಡ್ಯಾಶ್‌ಬೋರ್ಡಿನ ಸರಾಸರಿ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಿದ್ದರೆ, ಈ ಎರಡು ಅಂಕಿಗಳಿಗೂ ಬೆಲೆಯಿಲ್ಲ ಎಂಬುದನ್ನು ಮರೆಯಬೇಡಿ.

ಇಂಜಿನ್‌ಗಿಂತ ಮೊದಲು ಟೈರು ಮತ್ತು ಬ್ರೇಕ್ ನೋಡುವುದು ನನ್ನ ಪದ್ಧತಿ, ಏಕೆಂದರೆ ಒರಟು ಚಾಲನೆಯ ಗುರುತು ಕಣ್ಣಿಗೆ ಕಾಣುವುದು ಅಲ್ಲಿಯೇ. ಸಾಧಾರಣವಾಗಿ ಓಡಿಸಿದ ಹೊಸ ಟೈರಿನ ಅಂಚುಗಳಲ್ಲಿ ಕೂದಲಿನಂಥ ರಬ್ಬರ್ ಎಳೆಗಳು ಸಾಕಷ್ಟು ಉಳಿದಿರುತ್ತವೆ. ಅಂಚಿನ ರಬ್ಬರ್ ಉಜ್ಜಿ ಒರಟಾಗಿದ್ದರೆ, ಅಥವಾ ಚಕ್ರ ಲಾಕ್ ಆಗಿ ಎಳೆದಂತೆ ಒಂದೇ ಕಡೆ ಚಪ್ಪಟೆಯಾಗಿ ಸವೆದಿದ್ದರೆ ವಿವರಣೆ ಕೇಳಲೇಬೇಕು. ಬ್ರೇಕ್ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಇರುವುದು ಸಹಜ, ಒಂದೆರಡು ಬಾರಿ ಬ್ರೇಕ್ ಹಿಡಿದರೆ ಹೋಗುತ್ತದೆ. ನೀಲಿ ಛಾಯೆ ಇದ್ದರೆ ಡಿಸ್ಕ್ ವಿಪರೀತ ಬಿಸಿಯಾಗಿತ್ತು ಎಂದು ತಿಳಿಯಬಹುದು. ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ಚಿನ ಸುಟ್ಟ ವಾಸನೆಯನ್ನೂ ಗಮನಿಸಿ. ಲಾರಿಯ ಇಳಿಜಾರು ಹಲಗೆಯ ಮೇಲೆ ಅರ್ಧ ಕ್ಲಚ್ಚಿನಲ್ಲಿ ಕಾರು ಹತ್ತಿಸುವವರು ಇಂಜಿನ್‌ಗಿಂತ ಕ್ಲಚ್ಚನ್ನೇ ಹೆಚ್ಚು ಹಾಳುಮಾಡುವುದನ್ನು ನಾನು ಕಂಡಿದ್ದೇನೆ.

ಇನ್ನು ಹಾನಿಯ ಪ್ರಶ್ನೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಕೆಲವು ಬಾರಿ ಹೆಚ್ಚು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಮುಟ್ಟಿದ್ದರೆ, ಆಯಿಲ್ ಮಟ್ಟ ಸರಿಯಿದ್ದಲ್ಲಿ, ಶಾಶ್ವತ ಹಾನಿಯ ಸಂಭವ ಬಹಳ ಕಡಿಮೆ. ಆರ್‌ಪಿಎಂ ಮಿತಿ ದಾಟುವ ಮೊದಲೇ ಇಸಿಯು, ಅಂದರೆ ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್, ಇಂಧನವನ್ನು ಕಡಿತಗೊಳಿಸುತ್ತದೆ. ತಪ್ಪಾಗಿ ಕೆಳಗಿನ ಗೇರ್ ಹಾಕಿದಾಗ ಮಾತ್ರ ಆ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆಗ ಇಂಜಿನನ್ನು ತಿರುಗಿಸುವುದು ಚಕ್ರಗಳೇ. ನಿಜವಾಗಿ ಚಿಂತಿಸಬೇಕಾದದ್ದು ತಣ್ಣಗಿರುವ ಇಂಜಿನನ್ನು ಚಾಲೂ ಮಾಡಿದ ತಕ್ಷಣ ಆರ್ಭಟಿಸುವಂತೆ ಮಾಡುವ ಅಭ್ಯಾಸದ ಬಗ್ಗೆ. ಆಯಿಲ್ ಇನ್ನೂ ಗಟ್ಟಿಯಾಗಿರುತ್ತದೆ, ಭಾಗಗಳು ಹಿಗ್ಗಿ ಸರಿಯಾದ ಅಳತೆಗೆ ಬಂದಿರುವುದಿಲ್ಲ, ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಇನ್ನೂ ಪೂರ್ತಿ ಹೊಂದಿಕೊಂಡಿರುವುದಿಲ್ಲ. ಯಾರ್ಡುಗಳಲ್ಲಿ ಇದು ನಡೆಯುವುದನ್ನು ಕಂಡಾಗ ನನಗೆ ಈಗಲೂ ಸಂಕಟವಾಗುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಇಂಥದೇ ಅನುಮಾನ ಬಂದಾಗ ನಾನು ಇಸಿಯುನಲ್ಲಿ ದಾಖಲಾದದ್ದನ್ನು ಓದುವ ಸ್ಕ್ಯಾನರ್ ಹಾಕಿಸಿ ನೋಡಿದೆ, ಆದರೆ ನಿರೀಕ್ಷಿಸಿದಷ್ಟು ಉತ್ತರ ಸಿಗಲಿಲ್ಲ. ಸಾಮಾನ್ಯ ಕಾರುಗಳ ಇಸಿಯು ಓಡಿಸಿದವರ ನಡವಳಿಕೆಯನ್ನು ದಿನಚರಿಯಂತೆ ಬರೆದಿಡುವುದಿಲ್ಲ. ಯಾವುದಾದರೂ ದೋಷ ದಾಖಲಾದರೆ ಆ ಕ್ಷಣದ ವೇಗ, ಆರ್‌ಪಿಎಂ, ಇಂಜಿನ್ ಉಷ್ಣತೆಗಳನ್ನು ಅದರ ಜೊತೆ ಉಳಿಸುತ್ತದೆ, ಅಷ್ಟೇ. ಪೋರ್ಷೆಯಂಥ ಕೆಲವು ಕಾರುಗಳಲ್ಲಿ ಮಾತ್ರ ಆರ್‌ಪಿಎಂ ಮಿತಿಮೀರಿದ ಲೆಕ್ಕ ಇರುತ್ತದೆ. ಅಪಘಾತದ ಮಾಹಿತಿ ಉಳಿಸುವ ಸಾಧನವೂ ಡಿಕ್ಕಿಯ ಆಸುಪಾಸಿನ ಕೆಲವೇ ಸೆಕೆಂಡುಗಳದ್ದನ್ನು ಮಾತ್ರ ಇಡುತ್ತದೆ. ನಿಮ್ಮ ಕಾರು ಮೊಬೈಲ್ ಆಪ್‌ಗೆ ಸಂಪರ್ಕ ಹೊಂದಿದ್ದರೆ ಹಳೆಯ ಪ್ರಯಾಣಗಳ ದಾಖಲೆ ಕಂಪನಿಯ ಬಳಿ ಇದೆಯೇ ಎಂದು ಲಿಖಿತವಾಗಿ ಕೇಳಿ.

ನನಗೆ ನೆಮ್ಮದಿ ತಂದದ್ದು ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಮಟ್ಟ ಅಳೆಯುವ ಕಡ್ಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಬಾರಿಯೂ ಇಂಜಿನ್ ಒಂದೇ ಸ್ಥಿತಿಯಲ್ಲಿರುವಾಗ ಆಯಿಲ್ ಮಟ್ಟ ನೋಡಿ, ಕಿ.ಮೀ. ಜೊತೆ ಬರೆದಿಟ್ಟುಕೊಳ್ಳುತ್ತಾ ಹೋದೆ. ಮೊದಲ ಕೆಲವು ಸಾವಿರ ಕಿ.ಮೀ.ಗಳಲ್ಲಿ ಸ್ವಲ್ಪ ಆಯಿಲ್ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ, ಅಥವಾ ಹೊಗೆಕೊಳವೆಯಿಂದ ನೀಲಿ ಹೊಗೆ ಬಂದರೆ, ವಾರಂಟಿಯಲ್ಲಿ ದೂರು ಕೊಡಲು ಈ ದಾಖಲೆ ಬೇಕೇ ಬೇಕು. ನನ್ನ ಕಾರಿನಲ್ಲಿ ಇಳಿಕೆ ನಿಂತುಹೋಯಿತು.

ಉತ್ತರ 3: ಇನ್ನೂ ಡೆಲಿವರಿ ಪಡೆಯದವರಿಗೆ ಒಂದು ಮಾತು. ನೋಂದಣಿಗೆ ಮೊದಲೇ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ, ಚಾಸಿ ಸಂಖ್ಯೆ ಮತ್ತು ಓಡೋಮೀಟರಿನ ಫೋಟೋ ತೆಗೆದುಕೊಂಡು, ಡೆಲಿವರಿಯ ದಿನ ಹೋಲಿಸಿ. ಪ್ರಶ್ನೆ ಕೇಳಿದವರು ಈಗಲೇ ತಪಾಸಣೆಯ ಪಟ್ಟಿಯ ಪ್ರತಿಯನ್ನೂ, 90 ಕಿ.ಮೀ. ಹೇಗಾಯಿತು ಎಂಬುದರ ಲಿಖಿತ ವಿವರಣೆಯನ್ನೂ ಇಮೇಲಿನಲ್ಲಿ ಕೇಳಲಿ. ಸ್ಟಾಕ್‌ಯಾರ್ಡಿಗೂ ಷೋರೂಮಿಗೂ ನಡುವಿನ ದೂರ ಆ ಸಂಖ್ಯೆಗೆ ಹೊಂದದಿದ್ದರೆ ಮಾತು ಮುಂದುವರಿಸಲು ಅದೇ ಸಾಕು. ಅಲ್ಲಿಯವರೆಗೆ ಮೊದಲ 1,000 ಕಿ.ಮೀ. ಮ್ಯಾನುಯಲ್ ಪುಸ್ತಕ ಹೇಳಿದಂತೆ, ವೇಗವನ್ನು ಬದಲಿಸುತ್ತಾ, ಆಕ್ಸಿಲರೇಟರನ್ನು ಪೂರ್ತಿ ಒತ್ತದೆ ಓಡಿಸಿ.