ಅಪ್‌ಡೇಟ್: ವಾಷಿಂಗ್ ಮಷಿನ್ ಈಗ ನೀರು ಹೊರಹಾಕುತ್ತಿದೆ

ನಮ್ಮ ಫ್ರಂಟ್ ಲೋಡ್ ಮಷಿನ್ ನೀರು ಹೊರಹಾಕದೆ ಬರೀ ಗುಂಯ್‌ಗುಡುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಈಗ ಸರಿಯಾಗಿದೆ! ಫಿಲ್ಟರ್ ತೊಳೆದಾಗ ಎರಡು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್ ಸಿಕ್ಕವು; ನೀರು ಮಾತ್ರ ಕದಲಲಿಲ್ಲ. ಪೈಪೂ ಮಡಚಿಕೊಂಡಿರಲಿಲ್ಲ. ನೀರು ಹೊರತಳ್ಳುವ ಪಂಪಿನ ತಂತಿಸುರುಳಿಗೆ ಮಲ್ಟಿಮೀಟರ್ (ವಿದ್ಯುತ್ ಅಳೆಯುವ ಉಪಕರಣ) ಹಿಡಿದಾಗ ಸುಮಾರು 150 ಓಮ್ ರೋಧ ತೋರಿಸಿತು; ಸುರುಳಿ ಸುಟ್ಟಿಲ್ಲವಲ್ಲ, ಪಂಪ್ ಚೆನ್ನಾಗಿಯೇ ಇದೆ ಎಂದುಕೊಂಡು ಎರಡು ದಿನ ಕಳೆದೆ.

ಕೊನೆಗೆ ಕೈಹಿಡಿದದ್ದು, ಪಂಪಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ ಎಂದವರ ಸಲಹೆ. ಅವರಿಗೆ ಹೃತ್ಪೂರ್ವಕ ಧನ್ಯವಾದ. ಒಳಗಿನ ಅಯಸ್ಕಾಂತದಿಂದಾಗಿ ರೆಕ್ಕೆ ತಡೆತಡೆದು ತಿರುಗಬೇಕು; ನಮ್ಮದು ಬುಗುರಿಯಂತೆ ಸಲೀಸಾಗಿ ಸುತ್ತಿತು, ಅಂದರೆ ರೆಕ್ಕೆಗೂ ಅಯಸ್ಕಾಂತಕ್ಕೂ ಇರುವ ಕೊಂಡಿ ಒಳಗೆ ತುಂಡಾಗಿತ್ತು. ಇದು ನನಗೆ ಹೊಸ ವಿಷಯ.

ಹೊಸ ಪಂಪ್ ಕೂರಿಸಲು ಮೂರು ಸ್ಕ್ರೂ, ಎರಡು ವೈರ್, ಒಂದು ಕ್ಲಿಪ್, ಅಷ್ಟೇ. ಮೊದಲು ಪ್ಲಗ್ ಕಿತ್ತು, ಉಳಿದ ನೀರನ್ನು ತಟ್ಟೆಗೆ ಬಸಿದುಕೊಂಡೇ ಕೈಹಾಕಿ.