ಊರುಗಳ ಹೆಸರಲ್ಲಿ 150 .ಇನ್ ಡೊಮೇನ್ ತೆಗೆದಿಟ್ಟರೆ ದುಡ್ಡು ಆಗುತ್ತಾ?

ಪ್ರಶ್ನೆ (ಹಾವೇರಿ ಕಡೆಯವರು):
ಮೇಡಂ, ನಮಸ್ಕಾರ. ನೀವು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಡೊಮೇನ್, ಅಂದರೆ ವೆಬ್‌ಸೈಟ್ ವಿಳಾಸದ ಹೆಸರು, ಕೊಡೋ ತಗೊಳ್ಳೋ ವ್ಯವಹಾರದಲ್ಲಿದ್ದೀರಿ ಅಂತ ಈ ಗ್ರೂಪಿನ ಅಡ್ಮಿನ್ ಹೇಳಿದರು, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ನನ್ನ ಹತ್ತಿರ ಒಂದೂವರೆ ಲಕ್ಷ ಉಳಿತಾಯ ಇದೆ. ಒಂದು ವಿಡಿಯೋ ನೋಡಿದೆ. ಭಾರತದಲ್ಲಿ ಇಂಟರ್ನೆಟ್ ಈಗಷ್ಟೇ ಹಳ್ಳಿಗೆ ಬರುತ್ತಿದೆ, ಇಂಡಿಯಾದ .ಇನ್ ಅಂತ ಮುಗಿಯೋ ಹೆಸರು ಅಂದರೆ ಊರಾಚೆಯ ಸೈಟು ಇದ್ದ ಹಾಗೆ, ಈಗ ಹಿಡಿದಿಟ್ಟರೆ ಐದು ವರ್ಷಕ್ಕೆ ಹತ್ತು ಪಟ್ಟು ಅಂತ ಅದರಲ್ಲಿ ಹೇಳಿದರು. ನಾನು 150 ಹೆಸರಿನ ಲಿಸ್ಟ್ ಮಾಡಿದ್ದೇನೆ. ಜಾಸ್ತಿ ಇರೋದು ಊರಿನ ಹೆಸರಿನ ಜೊತೆ ರೂಮ್ಸ್, ಸೀರೆ, ಮೆಣಸಿನಕಾಯಿ, ಸಹಕಾರಿ ಬ್ಯಾಂಕ್ ಇಂಥವು. ಒಂದು ಇಪ್ಪತ್ತೈದು, ಪೇಪರಿನಲ್ಲಿ ಸುದ್ದಿಯಾದ ಕಂಪನಿಗಳ ಹೆಸರು. ಈಗ 149 ರೂಪಾಯಿ ಆಫರ್ ಇದೆ. 150 ಹೆಸರಿಗೆ 22,350 ಆಗುತ್ತೆ, ಉಳಿದ ದುಡ್ಡು ಕೈಯಲ್ಲೇ ಇರುತ್ತೆ. ತಗೊಳ್ಳಲಾ?

ಉತ್ತರ:
ಕೇಳಿದ್ದು ಒಳ್ಳೆಯದಾಯಿತು, ಇನ್ನೂ ದುಡ್ಡು ಕಟ್ಟಿಲ್ಲ ಅಲ್ವಾ. ಮೊದಲು ಆ ಇಪ್ಪತ್ತೈದು ಕಂಪನಿ ಹೆಸರುಗಳನ್ನು ಲಿಸ್ಟಿನಿಂದ ಹೊಡೆದುಹಾಕಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಸೈಟಿನ ಹೋಲಿಕೆ ಕೇಳೋಕೆ ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಸೈಟಿಗೆ ಒಂದು ಸಲ ದುಡ್ಡು ಕೊಟ್ಟರೆ ಅದು ನಿಮ್ಮದು, ವರ್ಷಕ್ಕೊಂದು ಸಣ್ಣ ಕಂದಾಯ ಕಟ್ಟಿಕೊಂಡು ಹೋಗುತ್ತೀರಿ. ಡೊಮೇನನ್ನು ವರ್ಷ ವರ್ಷ ಗುತ್ತಿಗೆಗೆ ತಗೊಂಡ ಹಾಗೆ. ಕಟ್ಟೋದು ನಿಲ್ಲಿಸಿದರೆ ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ ಜಾಸ್ತಿ ದುಡ್ಡು ಕೊಟ್ಟು ಬಿಡಿಸಿಕೊಳ್ಳೋಕೆ ಇನ್ನಷ್ಟು ದಿನ ಕೊಡುತ್ತಾರೆ, ಅದೂ ಮುಗಿದರೆ ಹೆಸರು ಕಂಡವರ ಪಾಲು. 149 ಅನ್ನೋದು ಮೊದಲ ವರ್ಷದ ಆಸೆ ಮಾತ್ರ. ಎರಡನೇ ವರ್ಷ ಅದೇ ಹೆಸರಿಗೆ ಏಳೆಂಟು ನೂರು ಕೇಳುತ್ತಾರೆ, ಮೇಲೆ ಶೇಕಡ 18 ಜಿಎಸ್‌ಟಿ. 800 ಅಂತಲೇ ಹಿಡಿಯಿರಿ. 150 ಹೆಸರಿಗೆ 1,20,000, ತೆರಿಗೆ ಸೇರಿ 1,41,600. ನಿಮ್ಮ ಇಡೀ ಉಳಿತಾಯ ಒಂದೇ ವರ್ಷದ ರಿನ್ಯೂವಲ್‌ಗೆ ಹೋಯಿತು. ಮೂರನೇ ವರ್ಷ ಮತ್ತೆ ಅಷ್ಟೇ.

ಇನ್ನು ಮಾರಾಟ. ನಾವು ಈ ಕಸುಬಿನವರು ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಹೆಸರು ಹೋಗುತ್ತವೆ ಅಂತ ಹಿಡಿದೇ ಲೆಕ್ಕ ಹಾಕುವುದು. ಅದೂ ಹೆಸರು ಚೆನ್ನಾಗಿದ್ದರೆ. ನಿಮ್ಮ 150ರಲ್ಲಿ ಎರಡು ಹೋದವು ಅನ್ನಿ, ಬರೀ ರಿನ್ಯೂವಲ್ ಖರ್ಚು ಹುಟ್ಟಬೇಕಾದರೆ ಒಂದೊಂದೂ 70,800ಕ್ಕೆ ಹೋಗಬೇಕು. ನಿಮ್ಮ ತಾಲ್ಲೂಕಿನ ಲಾಡ್ಜಿನವರು ಒಂದು ಹೆಸರಿಗೆ ಎಪ್ಪತ್ತು ಸಾವಿರ ಕೊಡುತ್ತಾರಾ, ನೀವೇ ಹೇಳಿ.

ಇನ್ನೊಂದು ವಿಷಯ, ಈ ವಿಡಿಯೋದವರು ಯಾರೂ ಹೇಳದೇ ಇರೋದು. .ಇನ್ ಹುಟ್ಟಿದ್ದು 1989ರಲ್ಲಿ. 2005ರವರೆಗೆ ನಿಯಮ ಬಿಗಿ ಇತ್ತು, ಎಲ್ಲ ಸೇರಿ ಏಳು ಸಾವಿರದ ಆಸುಪಾಸು ಹೆಸರುಗಳಷ್ಟೇ ಇದ್ದವು. 2005ರಲ್ಲಿ ನಿಕ್ಸಿ ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಇದರ ಉಸ್ತುವಾರಿ ತಗೊಂಡಿತು. ಜನವರಿಯಲ್ಲಿ ಟ್ರೇಡ್‌ಮಾರ್ಕ್ ಇದ್ದವರಿಗೆ ಮೊದಲ ಅವಕಾಶ, ಫೆಬ್ರವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆದರು. ದೇಶ ವಿದೇಶದವರೆಲ್ಲ ಮುಗಿಬಿದ್ದರು, ಯಾಕೆಂದರೆ .ಇನ್ ತಗೊಳ್ಳೋಕೆ ಇಂಡಿಯಾದವರೇ ಆಗಿರಬೇಕು ಅಂತಿಲ್ಲ. ಒಳ್ಳೆಯ ಒಂದು ಪದದ ಹೆಸರುಗಳು, ದೊಡ್ಡ ಊರುಗಳು, ಆವಾಗಲೇ ಹೋದವು. ಇವತ್ತು 149ಕ್ಕೆ ಖಾಲಿ ಸಿಗುತ್ತಿರೋ ಹೆಸರು ಅಂದರೆ ಇಪ್ಪತ್ತು ವರ್ಷ ಸಾವಿರಾರು ಜನ ನೋಡಿ, ಬೇಡ ಅಂತ ಬಿಟ್ಟದ್ದು. ಎಲ್ಲವೂ ಹಾಗಲ್ಲ, ಹೊಸ ಪದಗಳು ಹುಟ್ಟುತ್ತಲೇ ಇರುತ್ತವೆ. ಆದರೆ 150 ಹೊಸ ಪದ ನಿಮಗೊಬ್ಬರಿಗೇ ಹೊಳೆದಿರೋದು ಕಷ್ಟ.

ಹಳ್ಳಿಗೆ ಇಂಟರ್ನೆಟ್ ಬಂತು, ನಿಜ. 2016ರಲ್ಲಿ ಜಿಯೋ ಬಂದ ಮೇಲೆ ನಮ್ಮ ಅಮ್ಮನ ಕೈಯಲ್ಲೂ ಬಂತು. ಆದರೆ ಜನ ನೇರವಾಗಿ ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಮ್‌ಗೆ, ಯೂಟ್ಯೂಬ್‌ಗೆ ಹೋದರು. ಅಂಗಡಿಯವನು ಗೂಗಲ್ ಮ್ಯಾಪಿನಲ್ಲಿ ಹೆಸರು ಹಾಕಿಸಿದ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ, ವ್ಯಾಪಾರ ಮುಗಿಯಿತು. ಅವನಿಗೆ ವೆಬ್‌ಸೈಟೇ ಬೇಡ, ಇನ್ನು ನಿಮ್ಮ ಹೆಸರು ಯಾಕೆ? ನನ್ನ ಹತ್ತಿರ ಹೆಸರು ತಗೊಂಡವರು ಶಾಲೆ, ಆಸ್ಪತ್ರೆ, ಕೋಚಿಂಗ್ ಸೆಂಟರ್, ರೆಸಾರ್ಟ್, ರಫ್ತು ಮಾಡುವವರು. ಹೊರಗಿನವರಿಗೆ ತಮ್ಮ ಮೇಲೆ ನಂಬಿಕೆ ಬರಬೇಕು ಅನ್ನೋರು.

ಮರುಪ್ರಶ್ನೆ (ಅವರೇ):
ಲೆಕ್ಕ ನೋಡಿ ತಲೆ ತಿರುಗಿತು ಮೇಡಂ. ಆದರೆ ಆ ಕಂಪನಿ ಹೆಸರುಗಳೇ ಬೇಗ ದುಡ್ಡಾಗೋದು ಅಂದುಕೊಂಡಿದ್ದೆ. ಅವರಿಗೆ ಬೇಕೇ ಬೇಕಾಗುತ್ತೆ, ನಾವೇ ಮೇಲ್ ಮಾಡಿ ಕೇಳಬಹುದಲ್ಲ?

ಉತ್ತರ:
ಆ ಇಮೇಲೇ ನಿಮಗೆ ಉರುಳು. .ಇನ್ ಹೆಸರುಗಳ ಜಗಳಕ್ಕೆ ಐಎನ್‌ಡಿಆರ್‌ಪಿ ಅಂತ ಒಂದು ನಿಯಮ ಇದೆ, ಡೊಮೇನ್ ತಗೊಳ್ಳುವಾಗಲೇ ನೀವು ಅದಕ್ಕೆ ಒಪ್ಪಿರುತ್ತೀರಿ. ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು. ಹೆಸರು ನಮ್ಮ ಹೆಸರಿನ ಹಾಗೇ ಇದೆ, ಇವರಿಗೆ ಅದರ ಮೇಲೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ತಗೊಂಡಿದ್ದಾರೆ. ಹೆಸರಿನ ಒಡೆಯರಿಗೇ ಜಾಸ್ತಿ ದುಡ್ಡಿಗೆ ಮಾರೋಕೆ ತಗೊಂಡದ್ದು ಕೆಟ್ಟ ಉದ್ದೇಶದ ಗುರುತು ಅಂತ ಆ ನಿಯಮದಲ್ಲೇ ಬರೆದಿದೆ. ನೀವು ಕಳಿಸಿದ ಇಮೇಲನ್ನೇ ಅವರು ಜಗಳ ತೀರ್ಮಾನಿಸೋ ಆರ್ಬಿಟ್ರೇಟರ್ ಮುಂದೆ ಇಡುತ್ತಾರೆ. ಹೆಸರು ಹೋಗುತ್ತೆ, ಖರ್ಚೂ ನಿಮ್ಮ ಮೇಲೆ ಬೀಳಬಹುದು.

ಇದರ ಹಿಂದೆ ನಮ್ಮ ಬೆಂಗಳೂರಿನಲ್ಲೇ ಶುರುವಾದ ಒಂದು ಕೇಸಿದೆ, ಈ ಕಸುಬಿಗೆ ಬರುವವರು ಓದಲೇಬೇಕಾದದ್ದು. ಸತ್ಯಂ ಇನ್ಫೋವೇ ಕಂಪನಿ ಸಿಫಿ ಅನ್ನೋ ಹೆಸರನ್ನು 1999ರಿಂದ ಬಳಸುತ್ತಿತ್ತು. ಇನ್ನೊಂದು ಕಂಪನಿ ಇಂಗ್ಲಿಷಿನಲ್ಲಿ ಒಂದು ಎಫ್ ಜಾಸ್ತಿ ಸೇರಿಸಿ ಸಿಫಿನೆಟ್ ಅಂತ ಡೊಮೇನ್ ತಗೊಂಡಿತು. ಬೆಂಗಳೂರಿನ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, ಕೊನೆಗೆ 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪು ಕೊಟ್ಟಿತು. ಡೊಮೇನಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕಿಗೆ ಇರೋ ರಕ್ಷಣೆ ಡೊಮೇನಿಗೂ ಸಿಗುತ್ತೆ ಅಂತ ಹೇಳಿತು. ಸ್ಪೆಲ್ಲಿಂಗ್ ಒಂಚೂರು ಬದಲಾಯಿಸಿದರೆ ಬಚಾವು ಅನ್ನೋ ಮಾತು ಅಂದಿಗೇ ಮುಗಿಯಿತು.

2024ರಲ್ಲಿ ಜಿಯೋಹಾಟ್‌ಸ್ಟಾರ್.ಕಾಮ್ ಸುದ್ದಿ ಎಲ್ಲರೂ ನೋಡಿದ್ದೀರಿ. ದೆಹಲಿಯ ಹುಡುಗನೊಬ್ಬ ಎರಡು ಕಂಪನಿ ಒಂದಾಗಬಹುದು ಅಂತ ಊಹಿಸಿ ಮೊದಲೇ ತಗೊಂಡಿದ್ದ, ತನ್ನ ಓದಿನ ಖರ್ಚು ಕೊಡಿ ಅಂತ ಕೇಳಿದ. ಊಹೆ ಸರಿಯಾಗಿತ್ತು, ಆದರೆ ಕಂಪನಿ ಒಪ್ಪಲಿಲ್ಲ. ಅಷ್ಟು ಸರಿಯಾಗಿ ಊಹಿಸಿದವನಿಗೇ ಹಾಗಾಯಿತು.

ಸಹಕಾರಿ ಬ್ಯಾಂಕ್ ಅನ್ನೋವನ್ನೂ ತೆಗೆಯಿರಿ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಂತಲೇ .ಬ್ಯಾಂಕ್.ಇನ್ ತಂದು, 2025ರ ಅಕ್ಟೋಬರ್ 31ರೊಳಗೆ ಅಲ್ಲಿಗೆ ಹೋಗಿ ಅಂತ ಹೇಳಿತು. ಬ್ಯಾಂಕಿಗೆ ಮಾರೋಣ ಅಂತ ಹೆಸರು ಇಟ್ಟುಕೊಂಡಿದ್ದವರ ಆಸೆ ಒಂದು ಸುತ್ತೋಲೆಗೆ ಹೋಯಿತು. ದೇಶದ ಡೊಮೇನುಗಳ ದೊಡ್ಡ ಅಪಾಯ ಇದೇ. ನಿಯಮ ಆಯಾ ದೇಶದ ಕೈಯಲ್ಲಿರುತ್ತೆ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಾಗ ಅಲ್ಲಿನ ಎಷ್ಟೋ ಜನ ವರ್ಷಗಳಿಂದ ಬಳಸುತ್ತಿದ್ದ .ಇಯು ಹೆಸರುಗಳನ್ನೇ ಕಳೆದುಕೊಂಡರು.

ಪ್ರಶ್ನೆ (ದಾವಣಗೆರೆಯವರು):
ಮಧ್ಯೆ ಬಾಯಿ ಹಾಕುತ್ತಿದ್ದೇನೆ ಮೇಡಂ, ಬೇಜಾರಾಗಬೇಡಿ. ನನ್ನ ಒಂದು ಹೆಸರಿಗೆ ನಾಲ್ಕು ಸಾವಿರ ಡಾಲರ್ ಕೊಡುತ್ತೇವೆ ಅಂತ ಮೇಲ್ ಬಂದಿದೆ. ಅದಕ್ಕೆ ಮೊದಲು ಅವರು ಹೇಳಿದ ಕಡೆ ಬೆಲೆ ಕಟ್ಟಿಸಿ ಸರ್ಟಿಫಿಕೇಟ್ ತರಬೇಕಂತೆ, ಫೀಸು ಎಂಟು ಸಾವಿರ ರೂಪಾಯಿ.

ಉತ್ತರ:
ಒಂದು ಪೈಸೆ ಕಟ್ಟಬೇಡಿ. ಇದು ಬಹಳ ಹಳೆಯ ಮೋಸ. ಕೊಳ್ಳುವವರೂ ಅವರೇ, ಸರ್ಟಿಫಿಕೇಟ್ ಕೊಡೋ ಸೈಟೂ ಅವರದ್ದೇ. ಫೀಸು ಬಂದ ಮರುದಿನ ಮೇಲಿಗೆ ಉತ್ತರ ಇರುವುದಿಲ್ಲ. ನಾನೂ ಮೊದಲ ವರ್ಷ ಇದಕ್ಕೆ ಬಿದ್ದವಳೇ, ಆ ದಿನದ ಸಂಕಟ ಇವತ್ತಿಗೂ ನೆನಪಿದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನಿಜವಾಗಿ ಬೇಕಾದವರು ಎಸ್ಕ್ರೋ, ಅಂದರೆ ಮಧ್ಯದಲ್ಲಿ ದುಡ್ಡು ಹಿಡಿದಿಟ್ಟುಕೊಳ್ಳುವವರ ಮೂಲಕ ಬರುತ್ತಾರೆ. ದುಡ್ಡು ಮಧ್ಯದವರ ಹತ್ತಿರ ಬಂದಿದೆ ಅಂತ ಖಾತ್ರಿಯಾದ ಮೇಲೆ ನೀವು ಆಥ್ ಕೋಡ್, ಅಂದರೆ ಹೆಸರನ್ನು ಬೇರೆ ಕಡೆ ಸಾಗಿಸೋ ಗುಟ್ಟಿನ ಕೋಡ್ ಕೊಡೋದು, ಹೆಸರು ಅವರ ಖಾತೆಗೆ ಹೋದ ಮೇಲೆ ದುಡ್ಡು ನಿಮಗೆ. ಆಥ್ ಕೋಡನ್ನು ಅದಕ್ಕಿಂತ ಮೊದಲು ಯಾರಿಗೂ ಕಳಿಸಬೇಡಿ, ಅದು ಬೀಗದ ಕೈ ಇದ್ದ ಹಾಗೆ. ಸುಮ್ನೆ ಬೆಲೆ ತೋರಿಸೋ ಸೈಟುಗಳನ್ನೂ ನಂಬಬೇಡಿ, ಹಳೆಯ ಮಾರಾಟಗಳ ದಾಖಲೆ ಇರೋ ನೇಮ್‌ಬಯೋ ಸೈಟಿನಲ್ಲಿ ಅಂಥ ಹೆಸರುಗಳು ನಿಜಕ್ಕೂ ಎಷ್ಟಕ್ಕೆ ಹೋಗಿವೆ ಅಂತ ನೋಡಿ.

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ):
ಅಕ್ಕ, ಕನ್ನಡದಲ್ಲೇ .ಭಾರತ ಇದೆಯಲ್ಲ, ಅದರಲ್ಲಿ ಒಳ್ಳೊಳ್ಳೆ ಪದ ಇನ್ನೂ ಖಾಲಿ ಇರಬೇಕು. ಅದನ್ನು ತಗೊಳ್ಳಬಹುದಾ?

ಉತ್ತರ:
ಇದೆ ಪುಟ್ಟಿ. ಹಿಂದಿ ಲಿಪಿಯದ್ದು 2014ರಲ್ಲಿ ಬಂತು, ಆಮೇಲೆ ನಮ್ಮ ಲಿಪಿಯದ್ದೂ ಬಂತು. ನನಗೆ ಇದರ ಮೇಲೆ ತುಂಬಾ ಪ್ರೀತಿ, ನಮ್ಮ ಅಕ್ಷರದಲ್ಲಿ ವಿಳಾಸ ನೋಡೋದೇ ಒಂದು ಖುಷಿ. ನಾನೂ ಒಂದು ಇಟ್ಟುಕೊಂಡಿದ್ದೇನೆ. ಆದರೆ ಮಾರೋಕೆ ಅಂತ ತಗೊಳ್ಳಬೇಡ. ಕನ್ನಡದವರೇ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಎಷ್ಟೋ ಫಾರಂಗಳು ಕನ್ನಡದ ಇಮೇಲ್ ವಿಳಾಸ ಹಾಕಿದರೆ ತಪ್ಪು ಅನ್ನುತ್ತವೆ. ಲಿಂಕ್ ಕಾಪಿ ಮಾಡಿದರೆ ಕೆಲವು ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರ ಅಂಕಿಗಳ ಸಾಲಾಗಿಬಿಡುತ್ತೆ. ನಿನ್ನದೇ ಬ್ಲಾಗೋ ಪದಕೋಶವೋ ಮಾಡೋದಿದ್ದರೆ ಖಂಡಿತ ತಗೋ.

ಮರುಪ್ರಶ್ನೆ (ಹಾವೇರಿಯವರು):
ಎಲ್ಲ ಓದಿದೆ ಮೇಡಂ. ಕಂಪನಿ, ಬ್ಯಾಂಕ್ ಎಲ್ಲ ತೆಗೆದೆ. ಊರಿನ ಹೆಸರುಗಳು ಮಾತ್ರ ಉಳಿದಿವೆ. ಹಳೇ ಸ್ಪೆಲ್ಲಿಂಗ್ ತಗೊಳ್ಳಲಾ, ಹೊಸದಾ? ಇನ್ನೊಂದು, ನಮ್ಮ ಅಪ್ಪಾಜಿ ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅದರ ಹೆಸರೂ ಒಂದು ಲಿಸ್ಟಿನಲ್ಲಿದೆ.

ಉತ್ತರ:
ಇದನ್ನು ಮೊದಲೇ ಹೇಳಬಾರದಿತ್ತಾ! ಇಡೀ ಲಿಸ್ಟಿನಲ್ಲಿ ನನಗೆ ಬೆಲೆ ಇದೆ ಅನ್ನಿಸಿದ್ದು ಅದೊಂದೇ.

ಸ್ಪೆಲ್ಲಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಹುಬ್ಳಿ ಹೋಗಿ ಹುಬ್ಬಳ್ಳಿ, ಬೆಳಗಾಂ ಹೋಗಿ ಬೆಳಗಾವಿ. ಸರ್ಕಾರಿ ಕಾಗದದಲ್ಲಿ ಹೊಸದು, ಜನ ಟೈಪ್ ಮಾಡೋದು ಎರಡೂ. ಬ್ರ್ಯಾಂಡ್ ಮಾಡುವವರು ಸಾಮಾನ್ಯವಾಗಿ ಎರಡನ್ನೂ ತಗೊಳ್ಳುತ್ತಾರೆ, ಒಂದನ್ನು ಇನ್ನೊಂದಕ್ಕೆ ತಿರುಗಿಸಿಡುತ್ತಾರೆ. ಹಾಗಾಗಿ ಒಂದು ಊರಿಗೆ ನಿಮಗೆ ಎರಡು ಪಟ್ಟು ಖರ್ಚು, ಕೊಳ್ಳುವವರು ಮಾತ್ರ ಒಬ್ಬರೇ.

ಈಗ ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇಂಥ ಪ್ರದೇಶದಲ್ಲಿ ಬೆಳೆದದ್ದಕ್ಕೇ ಈ ಹೆಸರು ಅನ್ನೋ ಗುರುತು ಸಿಕ್ಕಿದೆ. ಆ ಪ್ರದೇಶದ ಹೊರಗೆ ಬೆಳೆದ ಕಾಯಿಯನ್ನು ಆ ಹೆಸರಲ್ಲಿ ಮಾರೋ ಹಾಗಿಲ್ಲ. ಬರೀ ಹಿಡಿದಿಟ್ಟು ಮಾರೋಕೆ ಆ ಹೆಸರು ತಗೊಂಡವರಿಗೆ ಇದು ತಲೆನೋವು. ನಿಮ್ಮ ಅಪ್ಪಾಜಿಗೆ ಇದೇ ಬಲ, ಅವರು ಮಾರೋದೇ ಅಸಲಿ ಕಾಯಿ. ಆ ಹೆಸರಿನ ಜೊತೆ ನಿಮ್ಮ ಅಂಗಡಿಯ ಹೆಸರೂ ಬರೋ ಹಾಗೆ ಒಂದು .ಇನ್ ತಗೊಳ್ಳಿ, ಟ್ರೇಡ್‌ಮಾರ್ಕ್ ಸೈಟಿನಲ್ಲಿ ಬೇರೆ ಯಾರಾದರೂ ಅದನ್ನು ನೋಂದಾಯಿಸಿದ್ದಾರಾ ಅಂತ ಹುಡುಕಿ, ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ ಬಗೆ ಯಾವುದು ಡಬ್ಬಿ ಬಗೆ ಯಾವುದು, ಬಣ್ಣಕ್ಕೆ ಯಾವುದು, ಹೇಗೆ ಒಣಗಿಸುತ್ತಾರೆ, ಇದನ್ನೆಲ್ಲ ಅಪ್ಪಾಜಿಯ ಬಾಯಲ್ಲೇ ಕೇಳಿ ಬರೆದು ಫೋಟೋ ಹಾಕಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಅಸಲಿ ಬ್ಯಾಡಗಿ ಎಲ್ಲಿ ಸಿಗುತ್ತೆ ಅಂತ ಹುಡುಕೋ ಕನ್ನಡದವರು ಎಷ್ಟು ಜನ ಇದ್ದಾರೆ ಗೊತ್ತಾ? ಗಿರಾಕಿ ಬರುತ್ತಿರೋ ಹೆಸರನ್ನು ಮುಂದೆ ಯಾವತ್ತಾದರೂ ಮಾರಬೇಕು ಅನ್ನಿಸಿದರೂ ಅದರ ಬೆಲೆಯೇ ಬೇರೆ, ಖಾಲಿ ಹೆಸರಿನದ್ದೇ ಬೇರೆ.

ಇನ್ನೂ ಆಸೆ ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರೋ ಕಸುಬಿನ ನಾಲ್ಕೈದು ಹೆಸರು ತಗೊಳ್ಳಿ, ಐದು ವರ್ಷದ ರಿನ್ಯೂವಲ್ ಪಕ್ಕಕ್ಕಿಟ್ಟೇ ತಗೊಳ್ಳಿ. ಉಳಿದ ದುಡ್ಡು ಬ್ಯಾಂಕಿನಲ್ಲಿರಲಿ.

ಮರುಪ್ರಶ್ನೆ (ಅವರೇ):
ಅಪ್ಪಾಜಿಗೆ ಓದಿ ಹೇಳಿದೆ, ಅವರು ಆಗಲೇ ಗೋಣಿಚೀಲದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಮ್ಮೂರಿನ ಕಂಪ್ಯೂಟರ್ ಅಂಗಡಿಯವರು ಎಲ್ಲ ಮಾಡಿಕೊಡುತ್ತೇವೆ ಅಂತಾರೆ. ಅವರಿಗೇ ಬಿಡಲಾ?

ಉತ್ತರ:
ವೆಬ್‌ಸೈಟು ಅವರು ಮಾಡಲಿ. ಡೊಮೇನ್ ಮಾತ್ರ ನಿಮ್ಮ ಖಾತೆಯಲ್ಲಿ, ನಿಮ್ಮ ಇಮೇಲಿನಲ್ಲಿ, ಅಪ್ಪಾಜಿಯ ಹೆಸರಲ್ಲೇ ಇರಲಿ. .ಇನ್‌ಗೆ ಕೆವೈಸಿ ಕೇಳುತ್ತಾರೆ, ಸರಿಯಾದ ವಿವರ ಕೊಡಿ. ಒಟಿಪಿ ಬರೋ ನಂಬರ್ ನಿಮ್ಮದೇ ಹಾಕಿ. ಬೇರೆಯವರ ಖಾತೆಯಲ್ಲಿ ಹೆಸರು ಇಟ್ಟು, ಅವರು ಅಂಗಡಿ ಮುಚ್ಚಿ ಹೋದ ಮೇಲೆ ಅತ್ತುಕೊಂಡು ನನಗೆ ಫೋನ್ ಮಾಡಿದವರು ವರ್ಷಕ್ಕೆ ಹತ್ತು ಜನ ಇದ್ದಾರೆ. ಫೋಟೋ ಗ್ರೂಪಿಗೂ ಹಾಕಿ, ನೋಡೋಣ. ನನಗೆ ಎರಡು ಕೆಜಿ ಕಡ್ಡಿ ಬೇಕು.