25 ನಿಮಿಷದ ವಿಮಾನ, ತುಮಕೂರಿನ ಮದುವೆ

ಗುಂಪು: ನಮ್ಮ ಮನೆಯವರು, ಬಾಗಲಕೋಟೆ

ಶಿವು ಕಾಕಾ: (ಫಾರ್ವರ್ಡ್ ಆಗಿದೆ) ಹುಬ್ಬಳ್ಳಿ–ಬೆಂಗಳೂರು ವಿಮಾನ ದೂರ 370 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಪ್ರಯಾಣದ ಸಮಯ 25 ನಿಮಿಷ.

ಶಿವು ಕಾಕಾ: ಎಲ್ಲರೂ ನೋಡಿದಿರಾ? ಸುಮ್ನೆ ರಾತ್ರಿಯೆಲ್ಲ ರೈಲಿನಲ್ಲಿ ಯಾಕೆ ಒದ್ದಾಡಬೇಕು. ಮದುವೆಗೆ ವಿಮಾನದಲ್ಲೇ ಹೋಗೋಣ.

ಮಂಜು: ಕಾಕಾ, ಇದು ಯಾವನೋ ದೂರವನ್ನು ವೇಗದಿಂದ ಭಾಗಿಸಿ ಇಟ್ಟ ಲೆಕ್ಕ. ವಿಮಾನ ನಿಂತ ಜಾಗದಿಂದಲೇ 900ರಲ್ಲಿ ಹೊರಡುತ್ತದಾ? ರನ್‌ವೇ ತನಕ ಉರುಳಬೇಕು, ಮೇಲೆ ಏರಬೇಕು, ಇಷ್ಟು ಹತ್ತಿರದ ಊರಿಗಾದರೆ ಏರಿದ ಸ್ವಲ್ಪ ಹೊತ್ತಿಗೇ ಇಳಿಯೋಕೆ ಶುರು ಮಾಡಬೇಕು, ಬೆಂಗಳೂರಿನಲ್ಲಿ ಸಾಲು ಇದ್ದರೆ ಆಕಾಶದಲ್ಲೇ ಸುತ್ತಬೇಕು. ಟಿಕೆಟ್ ನೋಡಿ, ಒಂದು ತಾಸಿನ ಮೇಲೇ ಇರುತ್ತದೆ. ರೆಕ್ಕೆಗೆ ಫ್ಯಾನ್ ಇರೋ ಎಟಿಆರ್ ವಿಮಾನ ಬಂದರೆ ಅದರ ವೇಗವೇ 500ರ ಆಸುಪಾಸು.

ಶಿವು ಕಾಕಾ: ಆಯ್ತಪ್ಪ ಇಂಜಿನಿಯರ್, ಒಂದು ತಾಸು ಅಂತಲೇ ಇಟ್ಟುಕೋ. ಆದರೂ ರೈಲು ಅದರ ಮುಂದೆ ನಿಲ್ಲುತ್ತದಾ?

ಸುಧಾ ಅಕ್ಕ: ಕಾಕಾ, ನೀವೆಲ್ಲ ಇರೋದು ಬಾಗಲಕೋಟೆಯಲ್ಲಿ, ವಿಮಾನ ನಿಲ್ದಾಣ ಇರೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಲ್ಲ. ಕೆರೂರು, ನರಗುಂದ, ನವಲಗುಂದ ದಾಟಿ 120 ಕಿ.ಮೀ., ಅಲ್ಲಿಗೇ ಎರಡೂವರೆ ತಾಸು ಹೋಯಿತು. ಕೌಂಟರನ್ನು ವಿಮಾನಕ್ಕೆ ಒಂದು ತಾಸು ಮೊದಲೇ ಮುಚ್ಚುತ್ತಾರೆ, ಅಂದರೆ ಅದಕ್ಕೂ ಮೊದಲೇ ಅಲ್ಲಿ ಇರಬೇಕು. ಅಜ್ಜಿಯನ್ನು ಕರಕೊಂಡು ಯಾರಾದರೂ ಓಡೋಕಾಗುತ್ತಾ?

ಗಂಗಾ ಅತ್ತಿ: ಉಡುಗೊರೆ ಕೊಡೋ ಆಯೇರಿ ಸೀರೆಗಳ ಗಂಟೇ ಎರಡು ಬ್ಯಾಗ್ ಆಗಿದೆ. ಉಂಡಿ ಡಬ್ಬಿ ಬೇರೆ. ವಿಮಾನದಲ್ಲಿ ತಲೆಗೆ 15 ಕೆ.ಜಿ. ಅಂತೆ, ಅಲ್ಲಿ ತೂಕ ಜಾಸ್ತಿ ಬಂದರೆ ಯಾರ ಸೀರೆ ತೆಗೆದಿಡೋದು?

ಮಂಜು: ಅದಿರಲಿ, ಮದುವೆ ಇರೋದು ತುಮಕೂರಿನಲ್ಲಿ! ದೇವನಹಳ್ಳಿಯಲ್ಲಿ ಇಳಿದು ಮತ್ತೆ ಹಿಂದಕ್ಕೆ 80 ಕಿ.ಮೀ. ಹತ್ತಿರ ಬರಬೇಕು. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರಿಗಿಂತ ಮೊದಲೇ ತುಮಕೂರಿನಲ್ಲಿ ನಿಲ್ಲುತ್ತದೆ. ಸಂಜೆ ಇಲ್ಲೇ ಹತ್ತಿ ರೊಟ್ಟಿ ಬುತ್ತಿ ಉಂಡು ಮಲಗಿದರೆ, ನಸುಕಿನಲ್ಲಿ ಮದುವೆ ಊರಲ್ಲೇ ಏಳುತ್ತೀವಿ.

ಶಿವು ಕಾಕಾ: ನಿಮಗೆಲ್ಲ ಲೆಕ್ಕವೇ ಮುಖ್ಯ. ಅವ್ವ ಇನ್ನೂ ಒಂದು ಸಲವೂ ವಿಮಾನ ಹತ್ತಿಲ್ಲ. ಒಮ್ಮೆ ಕಿಟಕಿ ಪಕ್ಕ ಕೂರಿಸಬೇಕು ಅಂತ ನನ್ನ ಆಸೆ.

ಸುಧಾ ಅಕ್ಕ: ಅಯ್ಯೋ, ಅದನ್ನು ಮೊದಲೇ ಹೇಳಬಾರದಾ? ಬರೇ 25 ನಿಮಿಷ, 25 ನಿಮಿಷ ಅಂತ ಹಿಡಕೊಂಡು ಕೂತಿರಿ. ಮದುವೆ ಮುಗಿಸಿ ಬೆಂಗಳೂರಿನ ನಮ್ಮ ಮನೆಗೆ ಬನ್ನಿ, ಎರಡು ದಿನ ಇರಿ, ವಾಪಸ್ ಅಜ್ಜಿ ನೀವು ಇಬ್ಬರೇ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗಿ. ಆಗ ಸೀರೆ ಗಂಟೂ ಇರಲ್ಲ, ಅವಸರವೂ ಇರಲ್ಲ.

ಗಂಗಾ ಅತ್ತಿ: ಹಾಂ, ಇದು ಸರಿ ಮಾತು.

ಮಂಜು: ಹಾಗಾದರೆ ರೈಲು ನಾನು ಮಾಡುತ್ತೇನೆ. 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಅವತ್ತೇ ಕೂರಬೇಕು. ಎಲ್ಲರದ್ದೂ ಒಂದೇ ಟಿಕೆಟ್ ಬೇಡ. ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಬೇಕಂದರೆ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಇರಬಾರದು. ಅಜ್ಜಿ, ಅತ್ತಿ ಒಂದು ಟಿಕೆಟ್, ಉಳಿದವರದ್ದು ಬೇರೆ.

ಶಿವು ಕಾಕಾ: ಗಂಡಸರಿಗೆ ಎಷ್ಟು ವಯಸ್ಸಿಗೆ ಆ ಕೋಟಾ?

ಮಂಜು: 60 ಆಗಿರಬೇಕು ಕಾಕಾ.

ಶಿವು ಕಾಕಾ: ನನಗೆ 61. ನನ್ನದೂ ಬೇರೆ ಮಾಡು.